‘ಅದರಾಗ ಏನೂ ಇಲ್ಲ, ಆದ್ರೂ ಜನ ಯಾಕ ಮುಗಿಬೀಳ್ತಾರ?’ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕಲಬುರಗಿಯಲ್ಲಿ ಕನ್ನಡ ಪಾಠ ಮಾಡಲು ಶುರು ಮಾಡಿ ಇಪ್ಪತ್ತಾರು ವರ್ಷವಾಯಿತು. ಇಷ್ಟು ವರ್ಷದಲ್ಲಿ ಹುಡುಗರು ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಛಂದಸ್ಸಿನದೂ ಅಲ್ಲ, ವಚನದ್ದೂ ಅಲ್ಲ. "ಮೇಡಂ, ಆ ಕಾದಂಬರಿ ಓದಿದೆರಿ. ಏನೂ ಇಲ್ಲ ಅದರಾಗ. ಸಿನಿಮಾನೂ ಅಷ್ಟಕ್ಕಷ್ಟ. ಆದ್ರ ಊರತುಂಬ ಅದೇ ಮಾತು. ಯಾಕ್ರಿ ಹಿಂಗ?" ಕಾದಂಬರಿಯ ಹೆಸರು ನಾಲ್ಕೈದು ವರ್ಷಕ್ಕೊಮ್ಮೆ ಬದಲಾಗುತ್ತದೆ. ಪ್ರಶ್ನೆ ಬದಲಾಗಿಲ್ಲ. ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಒಮ್ಮೆ ಬೀದರಿನ ಬಸ್ಸಿನಲ್ಲಿ ಕಂಡಕ್ಟರ್ ಕೂಡ ಕೇಳಿದ.

ಕೇಳುವವರ ದನಿಯಲ್ಲಿ ಒಂದು ಸಣ್ಣ ಖುಷಿ ಇರುತ್ತದೆ, ಗಮನಿಸಿದ್ದೀರಾ? ಜನರಿಗೆ ಬುದ್ಧಿ ಇಲ್ಲ ಅಂತ ನಾನು ಹೇಳಬೇಕು. ನಮ್ಮಿಬ್ಬರಿಗೆ ಮಾತ್ರ ಇದೆ ಅಂತ ಒಪ್ಪಿಕೊಂಡು ಇಬ್ಬರೂ ಚಹಾ ಕುಡಿಯಬೇಕು.

ನನಗೆ ಹಾಗೆ ಹೇಳಲು ಬರುವುದಿಲ್ಲ. ಆ ಜನರಿಗೆ ಪುಸ್ತಕ ಎತ್ತಿ ಕೊಟ್ಟು ಬೆಳೆದವಳು ನಾನು.

ಊರಿಗೆ ಇನ್ನೂ ಗುಲಬರ್ಗಾ ಅನ್ನುತ್ತಿದ್ದ ಕಾಲ. ಸೂಪರ್ ಮಾರ್ಕೆಟ್ ಹತ್ತಿರದ ಒಂದು ಗಲ್ಲಿಯಲ್ಲಿ ನಮ್ಮ ಕಾಕಾನ ಬಾಡಿಗೆ ಪುಸ್ತಕದ ಅಂಗಡಿ ಇತ್ತು. ಎಲ್ಲರೂ ಅದನ್ನು ಲೈಬ್ರರಿ ಅನ್ನುತ್ತಿದ್ದರು. ಮುಂದೆ ಒಂದು ಮೇಜು, ಹಿಂದೆ ಮೂರು ಕಪಾಟು, ಮುಗಿಯಿತು. 1984ರ ಸುಮಾರಿನಿಂದ, ಅಂದರೆ ನಾನು ಎಂಟನೇ ಇಯತ್ತೆ ಇದ್ದಾಗಿನಿಂದ, ಶಾಲೆ ಬಿಟ್ಟ ಮೇಲೆ ಅಲ್ಲಿ ಕೂರುತ್ತಿದ್ದೆ. ಪುಸ್ತಕಕ್ಕೆ ದಿನಕ್ಕೆ ನಾಲ್ಕಾಣೆ. ದಪ್ಪನೆಯದಾದರೆ ಎಂಟಾಣೆ.

ಒಂದು ಕಪಾಟು ಕನ್ನಡದ್ದು. ಇನ್ನೊಂದರಲ್ಲಿ ಅರ್ಧ ಹಿಂದಿ ಪಾಕೆಟ್ ಪುಸ್ತಕ, ಅರ್ಧ ತೆಲುಗು. ಮೂರನೆಯದು ಉರ್ದು. ಕಾಕಾ ನಿಜಾಮರ ಕಾಲದಲ್ಲಿ ಶಾಲೆ ಕಲಿತವರು, ಕನ್ನಡಕ್ಕಿಂತ ಮೊದಲು ಉರ್ದು ಅಕ್ಷರ ತಿದ್ದಿದವರು. ಆ ಕಪಾಟಿನಲ್ಲಿ ಇಬ್ನೆ ಸಫಿಯ ಪತ್ತೇದಾರಿ ಕಥೆಗಳಿದ್ದವು. 1952ರಲ್ಲಿ ಅಲಹಾಬಾದಿನಲ್ಲಿ ಶುರುವಾದ ‘ಜಾಸೂಸಿ ದುನಿಯಾ’ ಮಾಲೆಯವು. ಬೆನ್ನಿಗೆ ತೇಪೆ ಹಾಕಿ ಹಾಕಿ ಪುಸ್ತಕಕ್ಕಿಂತ ತೇಪೆಯೇ ದಪ್ಪವಾಗಿತ್ತು. ದರ್ಗಾ ಕಡೆಯಿಂದ ಬರುತ್ತಿದ್ದ ಹಿರಿಯರೊಬ್ಬರು ಅದೇ ಹತ್ತು ಹನ್ನೆರಡು ಪುಸ್ತಕವನ್ನು ತಿರುಗಿ ತಿರುಗಿ ಒಯ್ಯುತ್ತಿದ್ದರು. "ಕೊಲೆ ಮಾಡಿದವ ಯಾರಂತ ಗೊತ್ತದಲ್ಲ ಚಾಚಾ?" ಅಂತ ಒಮ್ಮೆ ಕೇಳಿದೆ. "ಗೊತ್ತದ ಬೇಟಿ. ಅದಕ್ಕೇ ಆರಾಮ ಓದ್ತೀನಿ" ಅಂದರು.

ಆಗ ನಕ್ಕು ಬಿಟ್ಟಿದ್ದೆ. ಈಗ ಪ್ರಶ್ನೆ ಕೇಳಿದವರಿಗೆ ಮೊದಲು ಈ ಚಾಚಾನ ಮಾತು ಹೇಳುತ್ತೇನೆ.

ಜಾಸ್ತಿ ಕಲಿಸಿದ್ದು ಮಾತ್ರ ಚಾಚಾ ಅಲ್ಲ, ಕಾಕಾ. ಪ್ರತಿ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಒಂದು ಚೀಟಿ ಅಂಟಿಸಿರುತ್ತಿತ್ತು. ವಾಪಸ್ ಕೊಡುವ ತಾರೀಖಿನ ಮುದ್ರೆ ಅದರ ಮೇಲೆ. ಬಂದವರು ಪುಸ್ತಕ ತೆಗೆದರೆ ಮೊದಲ ಪುಟ ನೋಡುತ್ತಿರಲಿಲ್ಲ. ಸೀದಾ ಹಿಂದೆ ತಿರುಗಿಸಿ ಚೀಟಿ ನೋಡುತ್ತಿದ್ದರು. ಮುದ್ರೆ ತುಂಬಿದ್ದರೆ ಒಯ್ಯುತ್ತಿದ್ದರು. ಚೀಟಿ ಬೆಳ್ಳಗಿದ್ದರೆ ಪುಸ್ತಕ ತಿರುಗಿ ಕಪಾಟಿಗೆ. ಹೊಸ ಪುಸ್ತಕದ ಗತಿ ಏನು? ಯಾರೂ ಒಯ್ದಿಲ್ಲ ಅಂತ ಯಾರೂ ಒಯ್ಯುವುದಿಲ್ಲ. ಬಾಡಿಗೆ ಬರುವುದಿಲ್ಲ, ಹಾಕಿದ ರೊಕ್ಕ ಹೋಯಿತು.

ಕಾಕಾ ಒಂದು ದಿನ ಮುದ್ರೆಯ ತಾರೀಖು ಹಿಂದಕ್ಕೆ ತಿರುಗಿಸಿ, ಹೊಸ ಪುಸ್ತಕದ ಚೀಟಿಯ ಮೇಲೆ ಟಪ್ ಟಪ್ ಅಂತ ಐದಾರು ಹಳೆಯ ತಾರೀಖು ಹೊಡೆದರು. ಒಂದೆರಡನ್ನು ಬೇಕಂತಲೇ ಸೊಟ್ಟ ಹೊಡೆದರು. ಖರೇ ಅನ್ನಿಸಬೇಕಲ್ಲ! ಎಂಟು ದಿನದೊಳಗೆ ಆ ಪುಸ್ತಕ ಹೊರಗೆ ಹೋಯಿತು. ಆಮೇಲೆ ಅದಕ್ಕೆ ಸುಳ್ಳು ಮುದ್ರೆ ಬೇಕಾಗಲಿಲ್ಲ.

ಇದು ಮೋಸ, ನನಗೆ ಗೊತ್ತು. ಕಾಕಾ ಈಗಿಲ್ಲ, ಹೇಳಿದರೆ ಬೈಯುವವರಿಲ್ಲ.

ಎಷ್ಟೋ ವರ್ಷದ ಮೇಲೆ ನನಗೆ ಒಂದು ಪ್ರಯೋಗದ ಬಗ್ಗೆ ಓದಲು ಸಿಕ್ಕಿತು. ಓದುತ್ತ ಓದುತ್ತ ಕಾಕಾನ ಮುದ್ರೆಯ ಸಪ್ಪಳ ಕೇಳಿಸಿತು. ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಅಂತ ಮೂವರು ಅಮೆರಿಕದಲ್ಲಿ ಮಾಡಿದ್ದು. 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಯಾರೂ ಕೇಳಿರದ 48 ಹಾಡುಗಳನ್ನು ಇಂಟರ್ನೆಟ್ಟಿನಲ್ಲಿ ಇಟ್ಟರು. 14 ಸಾವಿರಕ್ಕೂ ಹೆಚ್ಚು ಜನ ಬಂದು ಕೇಳಿದರು, ಬೇಕಾದ್ದನ್ನು ಇಳಿಸಿಕೊಂಡರು. ಕೆಲವರಿಗೆ ಹಾಡಿನ ಹೆಸರು ಮಾತ್ರ ಕಾಣುತ್ತಿತ್ತು. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಅನ್ನುವ ಲೆಕ್ಕವನ್ನೂ ತೋರಿಸಿದರು. ಲೆಕ್ಕ ಕಂಡ ಗುಂಪುಗಳಲ್ಲಿ ಗೆದ್ದ ಹಾಡು ಇನ್ನೂ ದೊಡ್ಡದಾಗಿ ಗೆದ್ದಿತು, ಸೋತದ್ದು ಇನ್ನೂ ಸೋತಿತು. ಮಜಾ ಏನೆಂದರೆ, ಒಂದು ಗುಂಪಿನಲ್ಲಿ ಮೇಲೆ ಬಂದ ಹಾಡು ಇನ್ನೊಂದು ಗುಂಪಿನಲ್ಲಿ ಎಲ್ಲೋ ಕೆಳಗೆ ಬಿದ್ದಿತ್ತು. ತೀರಾ ಒಳ್ಳೆಯದು ಪೂರ್ತಿ ಸೋಲುವುದು ಅಪರೂಪ, ತೀರಾ ಕೆಟ್ಟದ್ದು ಗೆಲ್ಲುವುದೂ ಅಪರೂಪ. ನಡುವಿನದು ಏನು ಬೇಕಾದರೂ ಆಗಬಹುದು.

ನಾವು ಸಾಧಾರಣ ಅನ್ನುವ ಕಾದಂಬರಿಗಳೆಲ್ಲ ಇರುವುದು ಆ ನಡುವಿನಲ್ಲೇ, ಅಲ್ವಾ?

ಅರ್ಧ ಉತ್ತರ ಇಲ್ಲಿ ಸಿಕ್ಕಿತು. ಜನ ಜನರನ್ನು ನೋಡಿ ಒಯ್ಯುತ್ತಾರೆ. ಇದರಲ್ಲಿ ಮೂರ್ಖತನ ಏನೂ ಇಲ್ಲ. 2020ರ ಫೆಬ್ರವರಿಯಲ್ಲಿ ನಮ್ಮೂರಿನ ವಿಶ್ವವಿದ್ಯಾಲಯದ ಬಯಲಿನಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಪುಸ್ತಕ ಮಳಿಗೆಗಳ ಕಡೆ ಕಾಲಿಡಲು ಜಾಗ ಇರಲಿಲ್ಲ. ನಾನು ನಿಂತಿದ್ದ ಮಳಿಗೆಗೆ ಒಂದು ಕುಟುಂಬ ಬಂತು. ಹೊಲದ ಕೆಲಸದ ಮನೆಯವರು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಕಾಲೇಜಿಗೆ ಹೋಗುವ ಮಗಳು. ಅಪ್ಪ ಜೇಬಿನಿಂದ ಇನ್ನೂರರ ಒಂದು ನೋಟು ತೆಗೆದು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು, "ಯಾವುದು ಭಾಳ ಹೋಗ್ಲಾಕತ್ತದ?" ಮಳಿಗೆಯವನು ತೋರಿಸಿದ. "ಅದೇ ಕೊಡ್ರಿ."

ನನಗೆ ಬಾಯಿ ತುದಿಗೆ ಬಂದಿತ್ತು, ಅದು ಬೇಡ, ಇದು ಒಯ್ಯಿರಿ ಅಂತ. ಸುಮ್ನಿದ್ದೆ. ಆ ಮನೆಯಲ್ಲಿ ಆ ವರ್ಷ ಕೊಳ್ಳುವ ಪುಸ್ತಕ ಅದೊಂದೇ ಇರಬಹುದು. ತಿಂಗಳಿಗೆ ಹತ್ತು ಪುಸ್ತಕ ಕೊಳ್ಳುವ ನಾನು ಎರಡು ಕೆಟ್ಟದ್ದು ಕೊಂಡರೆ ಏನೂ ನಷ್ಟವಿಲ್ಲ. ಅವರಿಗೆ ಒಂದೇ ಏಟು. ಹತ್ತು ಜನ ಓದಿ ಬದುಕಿದ್ದಾರೆ ಅಂದರೆ ಅವರಿಗೆ ಅದೇ ಭರವಸೆ. ತೊಗರಿ ಬೀಜ ಕೊಳ್ಳುವಾಗಲೂ ಪಕ್ಕದ ಹೊಲದಲ್ಲಿ ಯಾವ ಬೀಜ ಬಂದಿದೆ ಅಂತ ನೋಡಿಯೇ ಕೊಳ್ಳುತ್ತಾರೆ.

ಲಕ್ಷಗಟ್ಟಲೆ ಮಾರಾಟವಾಗುವ ಪುಸ್ತಕವನ್ನು ಕೊಳ್ಳುವವರು ಬಹುಪಾಲು ಇಂಥವರು. ದಿನಾ ಓದುವವರು ನಮ್ಮಲ್ಲಿ ಅಷ್ಟು ಲಕ್ಷ ಇಲ್ಲವೇ ಇಲ್ಲ. ವರ್ಷಕ್ಕೊಂದು ಓದುವವರ ಕೈಗೆ ಹೋದಾಗ ಮಾತ್ರ ಪುಸ್ತಕ ಲಕ್ಷ ದಾಟುತ್ತದೆ. ಅವರು ಅದನ್ನು ಹೋಲಿಸುವುದು ಬೇರೆ ಕಾದಂಬರಿಯ ಜೊತೆಗಲ್ಲ. ಟೀವಿ ಜೊತೆ, ಫೋನಿನ ಜೊತೆ, ಕಟ್ಟೆಯ ಮೇಲಿನ ಹರಟೆ ಜೊತೆ. ಆ ಪಂದ್ಯದಲ್ಲಿ ಅದು ಚೆನ್ನಾಗಿಯೇ ಆಡುತ್ತದೆ.

ಇನ್ನರ್ಧ ಉತ್ತರ ಉಳಿಯಿತು. ಕಾಕಾ ಸುಳ್ಳು ಮುದ್ರೆ ಹಾಕಿದ್ದು ಒಂದು ಮೂವತ್ತು ಪುಸ್ತಕಕ್ಕಿರಬಹುದು. ಓಡಿದ್ದು ಹತ್ತೋ ಹನ್ನೆರಡೋ. ಉಳಿದವನ್ನು ಒಬ್ಬರು ಒಯ್ದರು, ಇನ್ನೊಬ್ಬರು ಒಯ್ದರು, ನಿಂತುಹೋಯಿತು. ಅವೂ ಸಾಧಾರಣ ಪುಸ್ತಕಗಳೇ. ಪ್ರಶ್ನೆ ಕೇಳುವವರು ಇದನ್ನು ಮರೆಯುತ್ತಾರೆ. ಸಾಧಾರಣ ಅನ್ನುವುದೇ ಗೆಲ್ಲುವ ಗುಟ್ಟಾಗಿದ್ದರೆ ಆ ಕಪಾಟಿನಲ್ಲಿ ಧೂಳು ತಿಂದ ನೂರಾರು ಪುಸ್ತಕಗಳೂ ಗೆಲ್ಲಬೇಕಿತ್ತು. ಗೆದ್ದವುಗಳಲ್ಲಿ ಇನ್ನೇನೋ ಇತ್ತು.

ಏನು ಅಂತ ತಿಳಿದದ್ದು ಅವ್ವನಿಂದ.

ಎಂ.ಎ. ಮುಗಿಸಿ ತಲೆ ತುಂಬ ಸಾಹಿತ್ಯ ಹೊತ್ತು ಮನೆಗೆ ಬಂದಿದ್ದೆ. ಅವ್ವ ಹಿಟ್ಟು ನಾದುತ್ತಿದ್ದಳು. ನನಗೆ ಬಹಳ ಹಿಡಿಸಿದ ಒಂದು ಕಾದಂಬರಿಯನ್ನು ಅವಳಿಗೆ ಹೇಳಬೇಕು ಅನ್ನಿಸಿತು.

"ಒಬ್ಬ ಮುದುಕ ತನ್ನ ಊರಿಗೆ ವಾಪಸ್ ಬರ್ತಾನವ್ವ."

"ಹ್ಞೂಂ. ಆಮ್ಯಾಲ?"

"ಬಂದು ಪಡಸಾಲ್ಯಾಗ ಕೂಡ್ತಾನ."

"ಕೂತು?"

"ಹಳೇದೆಲ್ಲ ನೆನಸ್ತಾನ."

ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಿ ನನ್ನ ಮುಖ ನೋಡಿದಳು. "ಅದಕ್ಕ ಪುಸ್ತಕ ಯಾಕ ಬೇಕವಾ? ನಿಮ್ಮಜ್ಜ ದಿನಾ ಅದೇ ಮಾಡ್ತಾನಲ್ಲ."

ಅವಳು ಓದದವಳಲ್ಲ. ಏಳನೇ ಇಯತ್ತೆ ತನಕ ಕಲಿತವಳು, ವಾರಪತ್ರಿಕೆಯ ಧಾರಾವಾಹಿ ಒಂದೂ ಬಿಟ್ಟವಳಲ್ಲ. ಆ ಕಾದಂಬರಿಯ ಚಂದ ಇದ್ದದ್ದು ಮುದುಕ ಬಂದದ್ದರಲ್ಲಿ ಅಲ್ಲ, ಹೇಗೆ ನೆನೆಸಿದ ಅನ್ನುವ ಆ ವಾಕ್ಯಗಳಲ್ಲಿ. ವಾಕ್ಯಗಳನ್ನು ನಾನು ಅಡುಗೆಮನೆಗೆ ತರಲು ಆಗಲಿಲ್ಲ. ಅದೇ ಅವ್ವ ಪಕ್ಕದ ಮನೆಯ ವೈನಿಗೆ ತಾನು ಓದಿದ ಧಾರಾವಾಹಿಯನ್ನು ಗೋಡೆಯ ಮೇಲಿಂದ ಹತ್ತು ನಿಮಿಷದಲ್ಲಿ ಹೇಳಿಬಿಡುತ್ತಿದ್ದಳು. ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ವೈನಿ ಮುಂದೆ ತಮ್ಮ ನಾದಿನಿಗೆ ಹೇಳುತ್ತಿದ್ದರು. ನಮ್ಮ ಅಂಗಡಿಯಿಂದ ಪುಸ್ತಕ ಒಯ್ದವರು ಒಬ್ಬರಾದರೆ ಓದುವವರು ನಾಲ್ಕು ಮಂದಿ, ಕಥೆ ಕೇಳುವವರು ಹತ್ತು ಮಂದಿ. ಆ ಹತ್ತರಲ್ಲಿ ಇಬ್ಬರು ಮರುದಿನ ಅಂಗಡಿಗೆ ಬರುತ್ತಿದ್ದರು. "ಆ ಸೊಸಿ ಮನಿ ಬಿಟ್ಟು ಹೋಗ್ತಾಳಲ್ಲ, ಆ ಪುಸ್ತಕ ಕೊಡು." ಹೆಸರು ಗೊತ್ತಿಲ್ಲ, ಲೇಖಕಿ ಗೊತ್ತಿಲ್ಲ. ಕಥೆ ಮಾತ್ರ ಗೊತ್ತು.

ಗೋಡೆಯಾಚೆ ಹೇಳಿ ದಾಟಿಸಬಹುದಾದ ಕಥೆ. ಓಡಿದ ಪುಸ್ತಕ ಯಾವುದನ್ನೇ ನೋಡಿ, ಈ ಒಂದು ಗುಣ ಇದ್ದೇ ಇರುತ್ತದೆ. ಧೂಳು ತಿಂದ ಸಾಧಾರಣ ಪುಸ್ತಕಗಳಲ್ಲಿ ಒಳ್ಳೆಯ ವಾಕ್ಯವೂ ಇರಲಿಲ್ಲ, ಹೇಳಲು ಕಥೆಯೂ ಇರಲಿಲ್ಲ.

ದಾಟಿಸಿದ್ದು ಬರೀ ಕಥೆಯೂ ಅಲ್ಲ. ಆಗಿನ ಆ ಕಾದಂಬರಿಗಳಲ್ಲಿ ಏನಿರುತ್ತಿತ್ತು? ವರದಕ್ಷಿಣೆ ಬಾಕಿ ಇಟ್ಟ ತವರು, ಮಕ್ಕಳಾಗದ ಸೊಸೆ, ಪರಸ್ತ್ರೀ ಹಿಂದೆ ಹೋದ ಗಂಡ, ಎರಡನೇ ಸಂಬಂಧಕ್ಕೆ ಕೊಟ್ಟ ಹುಡುಗಿ. ಇವೆಲ್ಲ ನಮ್ಮ ಓಣಿಯಲ್ಲೇ ಇದ್ದವು. ಆದರೆ ಬಾಯಿ ಬಿಟ್ಟು ಆಡುವಂತಿರಲಿಲ್ಲ. ಕಾದಂಬರಿಯ ಸೊಸೆಯ ಹೆಸರು ಹಿಡಿದು ಮಾತಾಡಿದರೆ ತಮ್ಮ ಮನೆಯ ಮಾತನ್ನೇ ಆಡಿದಂತಾಗುತ್ತಿತ್ತು, ಅತ್ತೆ ಕೇಳಿಸಿಕೊಂಡರೂ ಹಿಡಿಯುವಂತಿರಲಿಲ್ಲ. "ಪಾಪ, ಆಕಿ ಮತ್ತೇನ್ ಮಾಡ್ಬೇಕಿತ್ತು" ಅಂತ ಒಬ್ಬರು ಅಂದರೆ ಇನ್ನೊಬ್ಬರು ಸೆರಗಿನ ತುದಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅಳು ಯಾರಿಗಾಗಿ ಅಂತ ಗೋಡೆಯ ಎರಡೂ ಕಡೆಯವರಿಗೆ ಗೊತ್ತಿತ್ತು. ಇಷ್ಟು ಕೆಲಸ ಮಾಡಿದ ಪುಸ್ತಕದ ಶೈಲಿ ಸರಿ ಇಲ್ಲ ಅಂತ ನಾನು ಆ ಹೆಂಗಸರ ಮುಂದೆ ಹೇಳಲಾರೆ. ನಿಮ್ಮ ಮುಂದೆ ಹೇಳುತ್ತೇನೆ, ಶೈಲಿ ಸರಿ ಇರಲಿಲ್ಲ.

ಈಗ ಸಿನಿಮಾಕ್ಕೆ ಬರೋಣ. ಗೋಡೆ ದಾಟುವ ಕಥೆ ಅಂದರೆ ಸಿನಿಮಾದವರಿಗೆ ಸಿದ್ಧ ಅಡುಗೆ. ಹಾಲಿವುಡ್ಡಿನ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಮತ್ತು ಫ್ರಾನ್ಸಿನ ನಿರ್ದೇಶಕ ತ್ರುಫೋ ನಡುವಿನ ಮಾತುಕತೆಯ ಒಂದು ಪುಸ್ತಕ 1966ರಲ್ಲಿ ಬಂತು. ಅದರಲ್ಲಿ ಹಿಚ್‌ಕಾಕ್ ಹೇಳುವುದು ಹೀಗೆ: ಕಥೆಯನ್ನು ತಾನು ಒಂದೇ ಸಲ ಓದುತ್ತೇನೆ, ಮೂಲ ವಿಚಾರ ಹಿಡಿಸಿದರೆ ಪುಸ್ತಕವನ್ನು ಮರೆತು ಸಿನಿಮಾ ಕಟ್ಟಲು ಕೂರುತ್ತೇನೆ. ರಷ್ಯದ ದೊಸ್ತೊಯೆವ್‌ಸ್ಕಿಯ ದೊಡ್ಡ ಕಾದಂಬರಿಯ ತಂಟೆಗೆ ತಾನು ಹೋಗುವುದಿಲ್ಲ, ಅದರಲ್ಲಿ ಒಂದೊಂದು ಮಾತಿಗೂ ಒಂದೊಂದು ಕೆಲಸವಿದೆ ಅಂತಲೂ ಹೇಳುತ್ತಾರೆ. ದೊಡ್ಡ ಕಾದಂಬರಿಯಿಂದ ಏನು ತೆಗೆದರೂ ಗಾಯವಾಗುತ್ತದೆ. ಸಾಧಾರಣ ಕಾದಂಬರಿಯಿಂದ ನೂರು ಪುಟ ಕಿತ್ತರೂ ಅದಕ್ಕೆ ಗೊತ್ತೇ ಆಗುವುದಿಲ್ಲ.

‘ಗಾಡ್‌ಫಾದರ್’ ಕಥೆ ನೋಡಿ. ಮಾರಿಯೋ ಪೂಝೋ ಅದನ್ನು ಬರೆದದ್ದು ಸಾಲ ತೀರಿಸಲು, 1969ರಲ್ಲಿ ಬಂತು. ತನ್ನ ಶಕ್ತಿಗೆ ತಕ್ಕಂತೆ ಬರೆದಿಲ್ಲ ಅಂತ ಆಮೇಲೆ ಅವನೇ ಒಪ್ಪಿಕೊಂಡಿದ್ದಾನೆ. ನಿರ್ದೇಶಕ ಕೊಪ್ಪೊಲಾಗೂ ಮೊದಲು ಓದಲು ಹೊರಟಾಗ ಪುಸ್ತಕ ಹಿಡಿಸಿರಲಿಲ್ಲ. ಕೊನೆಗೆ ಒಪ್ಪಿಕೊಂಡು ಏನು ಮಾಡಿದ ಗೊತ್ತಾ? ಕಾದಂಬರಿಯ ಹಾಳೆಗಳನ್ನು ಕಿತ್ತು, ಒಂದೊಂದನ್ನೂ ದೊಡ್ಡ ಹಾಳೆಗಳಿಗೆ ಅಂಟಿಸಿ, ಸುತ್ತಲೂ ತನ್ನ ಟಿಪ್ಪಣಿ ಬರೆದು ಒಂದು ದಪ್ಪ ಪುಸ್ತಕ ಮಾಡಿಕೊಂಡ. 1972ರ ಸಿನಿಮಾ ಹುಟ್ಟಿದ್ದು ಆ ಹೊಸ ಪುಸ್ತಕದಿಂದ. ಸಿನಿಮಾ ಮೂಲ ಕಾದಂಬರಿಗಿಂತ ಎಷ್ಟೋ ಪಾಲು ದೊಡ್ಡದು. ಹಾಳೆ ಕೀಳುವ ಈ ಕೆಲಸ ನೆನಪಿನಲ್ಲಿಡಿ, ಮುಂದೆ ನಮ್ಮ ಮನೆಯಲ್ಲೂ ಬರುತ್ತದೆ.

ಅಂಗಡಿಯ ಹಿಂದಿ ಕಪಾಟಿನ ರಾಜ ಗುಲ್ಶನ್ ನಂದಾ. ಹಿಂದಿಯ ವಿಮರ್ಶಕರು ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಮುಂಬಯಿಯ ಸಿನಿಮಾದವರು ಬಿಡಲಿಲ್ಲ. 1971ರಲ್ಲಿ ತೆರೆಗೆ ಬಂದ ‘ಕಟೀ ಪತಂಗ್’ ಅವರ ಕಾದಂಬರಿಯದು. ಸತ್ತ ಗೆಳತಿಯ ಹೆಸರಿನಲ್ಲಿ ಅವಳ ಅತ್ತೆ ಮನೆ ಸೇರುವ ಹೆಣ್ಣಿನ ಕಥೆ. ಆ ಕಥೆಯ ಬೇರು ಅಮೆರಿಕದ ಕಾರ್ನೆಲ್ ವೂಲ್ರಿಚ್ 1948ರಲ್ಲಿ ಬರೆದ ಕಾದಂಬರಿಯಲ್ಲಿದೆ. ಅಲ್ಲಿಂದ ಹಾಲಿವುಡ್ಡಿಗೆ, ಹಿಂದಿಗೆ, ಆಮೇಲೆ ತಮಿಳಿಗೆ, ತೆಲುಗಿಗೆ. ಎಷ್ಟು ಗೋಡೆ ದಾಟಿತು ನೋಡಿ. ಪ್ರತಿ ಸಲವೂ ಮಾತು ಬಿಟ್ಟು ಎಲುಬಷ್ಟೇ ದಾಟಿದೆ, ಪ್ರತಿ ಊರಲ್ಲೂ ಹೊಸ ಮಾಂಸ ತುಂಬಿಕೊಂಡಿದೆ.

ತೆಲುಗು ಕಪಾಟಿನವರಿಗೆ ದೇವದಾಸನೆಂದರೆ 1953ರ ಅಕ್ಕಿನೇನಿ ನಾಗೇಶ್ವರರಾವ್. ಹಿಂದಿಯವರಿಗೆ 1955ರ ದಿಲೀಪ್ ಕುಮಾರ್. ಈಗಿನ ಹುಡುಗರಿಗೆ 2002ರ ಶಾರುಖ್ ಖಾನ್. ಬಂಗಾಳಿಯ ಶರತ್‌ಚಂದ್ರರು ಆ ‘ದೇವದಾಸ’ ಕಾದಂಬರಿಯನ್ನು ಚಿಕ್ಕ ವಯಸ್ಸಿನಲ್ಲಿ ಬರೆದು ವರ್ಷಗಟ್ಟಲೆ ಹಾಗೇ ಇಟ್ಟಿದ್ದರು. ಅಚ್ಚು ಹಾಕಿಸಲು ಅವರಿಗೆ ಮನಸ್ಸಿರಲಿಲ್ಲ, 1917ರಲ್ಲಿ ಅಂತೂ ಬಂತು. ಬರೆದವರಿಗೇ ಅಷ್ಟು ಇಷ್ಟವಿಲ್ಲದ್ದು ನೂರು ವರ್ಷ ದಾಟಿ ಓಡುತ್ತಿದೆ. ಪ್ರೀತಿಸಿದವಳ ಮನೆ ಬಾಗಿಲಲ್ಲಿ ಕುಡಿದು ಸಾಯುವವನ ಕಥೆ. ಒಂದು ವಾಕ್ಯ ಸಾಕಲ್ಲ ಹೇಳಲು.

ನಮ್ಮ ಕನ್ನಡದಲ್ಲಿ ಇದಕ್ಕೆ ಇನ್ನೊಂದು ಕಾರಣ ಕೂಡಿತು. 1965ರಲ್ಲಿ ‘ಸುಧಾ’ ಬಂತು, 1983ರಲ್ಲಿ ‘ತರಂಗ’. ಇವುಗಳ ಆಚೀಚೆ ಇನ್ನೂ ಎಷ್ಟೋ ವಾರಪತ್ರಿಕೆ, ಮಾಸಪತ್ರಿಕೆ. ಕಾದಂಬರಿಗಳು ಮೊದಲು ಕಂತು ಕಂತಾಗಿ ಹುಟ್ಟುತ್ತಿದ್ದವು. ಪ್ರತಿ ಕಂತಿನ ಕೊನೆಗೆ ಓದುಗರನ್ನು ಒಂದು ವಾರ ಕಾಯಿಸುವ ಕೊಕ್ಕೆ ಬೇಕು. ಬಾಗಿಲು ಬಡಿದ ಸದ್ದು, ತಂತಿ ಬಂತು, ಅವಳು ತಲೆ ತಿರುಗಿ ಬಿದ್ದಳು. ಪುಸ್ತಕವಾದ ಮೇಲೂ ಏಳೆಂಟು ಪುಟಕ್ಕೊಂದು ಕೊಕ್ಕೆ ಉಳಿದೇ ಇರುತ್ತಿತ್ತು. ಇಂಥ ಪುಸ್ತಕ ಕೈಗೆ ಸಿಕ್ಕ ನಿರ್ದೇಶಕ ಇಂಟರ್ವಲ್ ಎಲ್ಲಿ ಹಾಕಲಿ ಅಂತ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಓದುವವರಿಗೂ ಅದು ಅನುಕೂಲ. ಒಲೆಯ ಮುಂದೆ ಎರಡು ಪುಟ, ಮಗು ಮಲಗಿದಾಗ ನಾಲ್ಕು ಪುಟ. ಎಲ್ಲಿ ಬಿಟ್ಟರೂ ಮತ್ತೆ ಹಿಡಿಯಬಹುದು. ನಾನು ಹೊಗಳುವ ದೊಡ್ಡ ಕಾದಂಬರಿಗಳಿಗೆ ಎರಡು ತಾಸಿನ ಪೂರ್ತಿ ಮೌನ ಬೇಕು. ಆ ಮೌನ ಆ ಮನೆಗಳಲ್ಲಿ ಯಾರಿಗಿತ್ತು? ಗಂಡಸರಿಗೂ ಇರಲಿಲ್ಲ, ಹೆಂಗಸರ ಮಾತು ಬಿಡಿ.

ಒಳ್ಳೆಯ ಕಾದಂಬರಿಗಳೂ ಸಿನಿಮಾ ಆದವಲ್ಲ ಅನ್ನುತ್ತೀರಿ. ಆದವು. ತರಾಸು ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಮಾಡಿದರು. ಊರೆಲ್ಲ ಮೆಚ್ಚಿತು, ತರಾಸು ಮೆಚ್ಚಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿದರು ಅಂತ ಅವರು ಅಂದರೆಂಬ ಮಾತು ಇಂದಿಗೂ ಓಡಾಡುತ್ತದೆ. ನನಗೆ ಆ ಸಿನಿಮಾ ಬಹಳ ಇಷ್ಟ. ಆದರೂ ತರಾಸು ಅವರ ಸಿಟ್ಟು ಅರ್ಥವಾಗುತ್ತದೆ. ಮೂರು ಪುಸ್ತಕದಲ್ಲಿ ದಾಟಿದ್ದು ಯಾವುದು, ಈಚೆ ದಂಡೆಯಲ್ಲೇ ಉಳಿದದ್ದು ಯಾವುದು ಅಂತ ಬರೆದವರಿಗೆ ಗೊತ್ತಿರುತ್ತದೆ.

ಇನ್ನು ಆ ಚಾಚಾನ ಮಾತು. ಮುಂದೇನಾಗುತ್ತದೆ ಅಂತ ಗೊತ್ತಿದ್ದೂ ಜನ ಯಾಕೆ ಹೋಗುತ್ತಾರೆ? ಹೋಳಿ ಹುಣ್ಣಿಮೆ ಮುಗಿದ ಮೇಲೆ ಶರಣಬಸವೇಶ್ವರ ಜಾತ್ರೆಗೆ ಕಂಪನಿ ನಾಟಕದ ಟೆಂಟು ಬೀಳುತ್ತದಲ್ಲ, ಅಲ್ಲಿ ಒಂದು ರಾತ್ರಿ ಕೂತು ನೋಡಿ. ಸಾವ್ಕಾರ ಸೊಕ್ಕು ಮಾಡುತ್ತಾನೆ, ಕೊನೆಗೆ ಮಣ್ಣು ಮುಕ್ಕುತ್ತಾನೆ ಅಂತ ಪರದೆ ಏಳುವ ಮೊದಲೇ ಎಲ್ಲರಿಗೂ ಗೊತ್ತು. ಯಾವಾಗ ಮುಕ್ಕುತ್ತಾನೆ ಅಂತ ಶೇಂಗಾ ತಿನ್ನುತ್ತ ಕಾಯುತ್ತಾರೆ. ಪಿ.ಬಿ. ಧುತ್ತರಗಿ ಅವರ ‘ಸಂಪತ್ತಿಗೆ ಸವಾಲ್’ ಇದೇ ರಂಗದಿಂದ ಎದ್ದು 1974ರಲ್ಲಿ ರಾಜ್‌ಕುಮಾರ್ ಸಿನಿಮಾ ಆಯಿತು. ಬೆಂಗಳೂರಿನವರಿಗೆ ಅದು ಹೊಸ ಸಿನಿಮಾ. ನಮ್ಮ ಕಡೆಯವರು ಹಳೆಯ ನಂಟನನ್ನು ನೋಡಲು ಹೋದರು. ದಿನವಿಡೀ ಮುಂದೇನು ಅಂತ ಗೊತ್ತಿಲ್ಲದೆ ಬದುಕುವವರು, ಮಳೆ ಬರುತ್ತದೋ ಇಲ್ಲವೋ, ತೊಗರಿಗೆ ದರ ಸಿಗುತ್ತದೋ ಇಲ್ಲವೋ, ರಾತ್ರಿ ಮೂರು ತಾಸು ಗೊತ್ತಿದ್ದ ಕಥೆ ಕೇಳಿದರೆ ತಪ್ಪೇನು?

ಹಾಗಂತ ಜನ ಮೆಚ್ಚಿದ್ದೆಲ್ಲ ಒಳ್ಳೆಯದು ಅಂತ ನಾನು ಒಪ್ಪುವುದಿಲ್ಲ. ಇದನ್ನು ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ. ಜನ ಮೆಚ್ಚಿದ್ದನ್ನು ಸಾಧಾರಣ ಅನ್ನಲು ನೀವ್ಯಾರು ಅನ್ನುತ್ತಾರೆ. ನಾನು ಆ ಪುಸ್ತಕಗಳನ್ನು ಅವರಿಗಿಂತ ಜಾಸ್ತಿ ಓದಿದವಳು, ಅಷ್ಟೇ. ಹೆಣ್ಣು ಸಹಿಸಿದಷ್ಟೂ ಒಳ್ಳೆಯವಳು ಅಂತ ಮುನ್ನೂರು ಪುಟ ಹೇಳಿ ಕೊನೆಯ ಪುಟದಲ್ಲಿ ಗಂಡನನ್ನು ವಾಪಸ್ ತಂದು ಕೊಡುವ ಪುಸ್ತಕದ ಮೇಲೆ ನನಗೆ ಈಗಲೂ ಸಿಟ್ಟಿದೆ. ಕಥೆ ಗೋಡೆ ದಾಟಿದಾಗ ಆ ಉಪದೇಶವೂ ಜೊತೆಗೆ ದಾಟಿತು. ಎಷ್ಟು ಹೆಂಗಸರು ಅದನ್ನು ನಂಬಿ ಕಾದರೋ. ಇನ್ನೊಂದು ಸಿಟ್ಟು ಇತ್ತೀಚಿನದು. ಸಿನಿಮಾ ಓಡಿತು ಅಂತ ಕಾದಂಬರಿಯ ಮುಖಪುಟ ಕಿತ್ತು ನಾಯಕನ ಫೋಟೊ ಹಾಕಿ ಮತ್ತೆ ಮಾರುತ್ತಾರೆ. ಆಮೇಲೆ ಅದೇ ಪುಸ್ತಕ ವಿಚಾರ ಸಂಕಿರಣಕ್ಕೂ ಬಂದು ಕೂರುತ್ತದೆ, ಎಷ್ಟು ಪ್ರತಿ ಮಾರಾಟವಾಯಿತು ಅನ್ನುವುದನ್ನೇ ಗುಣ ಅಂತ ಹೇಳಲಾಗುತ್ತದೆ. ಕಾಕಾನ ಸುಳ್ಳು ಮುದ್ರೆಯೇ ವಾಸಿ. ಅದು ಐದಾರಕ್ಕೆ ನಿಲ್ಲುತ್ತಿತ್ತು.

ಹುಡುಗರು ಇಷ್ಟೆಲ್ಲ ಕೇಳಿ "ಹಂಗಾದ್ರ ಓದಬೇಕೋ ಬ್ಯಾಡೋ ಮೇಡಂ?" ಅನ್ನುತ್ತಾರೆ. ಓದಿರಪ್ಪಾ. ಓದಿ ನಿಮ್ಮ ಅವ್ವಂದಿರಿಗೆ ಹೇಳಿ. ಅವರು ಎಲ್ಲಿ "ಆಮ್ಯಾಲ?" ಅನ್ನುತ್ತಾರೆ, ಎಲ್ಲಿ ಅನ್ನುವುದಿಲ್ಲ ಅಂತ ಗಮನಿಸಿ. ವಿಮರ್ಶೆಯ ಪಾಠ ನಾನು ಅಲ್ಲಿಂದ ಶುರು ಮಾಡುತ್ತೇನೆ.

ಕಾಕಾ ಅಂಗಡಿ ಮುಚ್ಚಿದ್ದು ಮನೆಮನೆಗೆ ಕೇಬಲ್ ಬಂದ ಮೇಲೆ. ಪುಸ್ತಕಗಳು ರದ್ದಿಗೆ ಹೋದವು. ನನ್ನ ಹತ್ತಿರ ಉಳಿದದ್ದು ಅಂಗಡಿಯದಲ್ಲದ ಒಂದು ಪುಸ್ತಕ. ಅವ್ವ ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ಕಿತ್ತು, ಜೋಡಿಸಿ, ಕೌದಿ ಹೊಲಿಯುವ ದಬ್ಬಣ ಮತ್ತು ದಾರದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಮಾಡಿದ್ದು. ರಟ್ಟಿನ ಒಳಗೆ 1986ರ ಜೂನ್ ತಿಂಗಳು ಇನ್ನೂ ಕಾಣುತ್ತದೆ. ಅವಳು ಹೋದ ಮೇಲೆ ಟ್ರಂಕಿನಲ್ಲಿ ಸಿಕ್ಕಿತು. ಒಂದು ಮಧ್ಯಾಹ್ನ ಕೂತು ಪೂರ್ತಿ ಓದಿದೆ. ಸಾಧಾರಣ ಕಾದಂಬರಿ. ಒಂದೇ ಏಟಿಗೆ ಮುಗಿಸಿದೆ.

ನಡುವೆ ಒಂದು ಕಡೆ ಅಚ್ಚಿನ ಹಾಳೆ ಇಲ್ಲ. ಅದರ ಜಾಗದಲ್ಲಿ ನನ್ನ ಹಳೆಯ ನೋಟ್‌ಬುಕ್ಕಿನಿಂದ ಕಿತ್ತ ಎರಡು ಗೆರೆ ಹಾಳೆ, ಅವ್ವನ ಅಕ್ಷರ. ಮೇಲೆ ಬರೆದಿದ್ದಾಳೆ: "ಮಳಿ ಸಲುವಾಗಿ ಈ ವಾರದ ಪುಸ್ತಕ ಬರಲಿಲ್ಲ. ವೈನಿ ಹುಬ್ಬಳ್ಳಿ ತವರಮನ್ಯಾಗ ಓದಿ ಬಂದು ಹೇಳಿದ್ದು." ಕೆಳಗೆ ಆ ಕಂತಿನ ಕಥೆ. ಯಾರು ಬಂದರು, ಏನಂದರು, ಯಾರು ಅತ್ತರು. ಮುಂದಿನ ಅಚ್ಚಿನ ಹಾಳೆಗೆ ಅದು ಎಷ್ಟು ಸರಿಯಾಗಿ ಕೂತಿದೆ ಅಂದರೆ, ಓದುವಾಗ ಎಲ್ಲೂ ಎಡವಲಿಲ್ಲ.

ಆಮೇಲೆ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಆ ಕಾದಂಬರಿಯ ಅಚ್ಚಾದ ಪ್ರತಿ ಸಿಕ್ಕಿತು. ಆ ಕಂತನ್ನು ಹುಡುಕಿ ತೆಗೆದು ಪಕ್ಕಪಕ್ಕ ಇಟ್ಟು ನೋಡಿದೆ. ಅಚ್ಚಿನಲ್ಲಿ ಎಂಟು ಪುಟ, ಅವ್ವನದು ಎರಡು. ಬಿಟ್ಟಿದ್ದು ಒಂದೇ. ನಾಯಕಿ ಕಿಟಕಿಯ ಹತ್ತಿರ ನಿಂತು ನೋಡುವ ಮಳೆಯ ವರ್ಣನೆ, ಪೂರ್ತಿ ಮೂರು ಪುಟ.